ಇಪ್ಪತ್ತೆಂಟನೆಯ ರಿಸ್ಕ್

"ಸರ್, ಈ ಪಟ್ಟೀನ ಮತ್ತೆ ಯಾವಾಗ ನೋಡ್ತೀರ?"

ಈ ಪ್ರಶ್ನೆ ಕೇಳಿದ ರಮ್ಯಶ್ರೀ ಕೆಲಸಕ್ಕೆ ಸೇರಿ ಎರಡು ಗಂಟೆಯಾಗಿತ್ತು, ಅಷ್ಟೇ. ದೇವನಹಳ್ಳಿಯ ಹಳೇ ಬಸ್ ನಿಲ್ದಾಣದ ಹತ್ತಿರ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಎಂಟು ಜನರ ಒಂದು ಸಾಫ್ಟ್‌ವೇರ್ ಕಂಪನಿ. ಹೊಸದಾಗಿ ಬಂದವರು ಮೊದಲ ದಿನ ಮೂಲೆಯಲ್ಲಿ ಕೂತು ಎಲ್ಲರ ಮುಖ ನೋಡುವುದು ಅಲ್ಲಿನ ವಾಡಿಕೆ. ಇವಳು ಮೊದಲ ಮೀಟಿಂಗಿನಲ್ಲೇ ಬಾಯಿ ತೆರೆದಿದ್ದಳು.

ಪರದೆಯ ಮುಂದೆ ನಿಂತಿದ್ದ ಭಾನುಪ್ರಕಾಶ್ ತಿರುಗಿ ನೋಡಿದ. ಆ ಪ್ರಾಜೆಕ್ಟಿಗೆ ಅವನೇ ಲೀಡ್. ಏನೇನು ಕೆಟ್ಟುಹೋಗಬಹುದು ಎಂದು ಮೂರು ವಾರ ಕೂತು ಯೋಚಿಸಿ, ಇಪ್ಪತ್ತೇಳು ರಿಸ್ಕ್‌ಗಳನ್ನು ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ಪಟ್ಟಿ ಮಾಡಿದ್ದ. ಕರೆಂಟು ಹೋಗಬಹುದು, ಸರ್ವರ್ ಕೆಡಬಹುದು, ಹೇಳಿದ ತಾರೀಕಿಗೆ ಮುಗಿಯದೇ ಇರಬಹುದು... ಎಲ್ಲ ಇತ್ತು. ಗಿರಾಕಿಯಿಂದ ಒಂದು ಸಹಿ ಹಾಕಿಸಿಕೊಂಡರೆ ಆ ಫೈಲು ಬೀರು ಸೇರುತ್ತಿತ್ತು.

"ನೋಡಾಯ್ತಲ್ಲ," ಅಂದ.

"ಇವತ್ತು ನೋಡಿದ್ವಿ ಸರ್. ಮತ್ತೆ ಯಾವಾಗ?"

ಅಷ್ಟರಲ್ಲಿ ತಲೆಯ ಮೇಲೆ ಒಂದು ವಿಮಾನ ಹೋಯಿತು. ದೇವನಹಳ್ಳಿಯಲ್ಲಿ ಮಾತಿನ ನಡುವೆ ವಿಮಾನ ಬಂದರೆ ಎಲ್ಲರೂ ಸುಮ್ಮನಾಗುತ್ತಾರೆ, ವಿಮಾನ ನಿಲ್ದಾಣ ಬಂದ ಏಳೆಂಟು ವರ್ಷದಲ್ಲಿ ಅಭ್ಯಾಸವಾಗಿ ಹೋಗಿದೆ. ಉತ್ತರ ಹುಡುಕಲು ಅವನಿಗೆ ಅರ್ಧ ನಿಮಿಷ ಸಿಕ್ಕಿತು. ಅಷ್ಟಾದರೂ ಏನೂ ಹೊಳೆಯಲಿಲ್ಲ.

"ನಮ್ಮಪ್ಪ ಪಾಲಿಹೌಸಲ್ಲಿ ಗುಲಾಬಿ ಬೆಳೀತಾರೆ ಸರ್," ರಮ್ಯಶ್ರೀಯೇ ಮುಂದುವರಿಸಿದಳು. "ಗಿಡ ನೆಟ್ಟ ದಿನ ಒಂದ್ಸಲ ನುಸಿ ಇದೆಯಾ ಅಂತ ನೋಡಿ ಸುಮ್ನಾಗಲ್ಲ. ದಿನಾ ಬೆಳಿಗ್ಗೆ ಎಲೆ ತಿರುಗಿಸಿ ನೋಡ್ತಾರೆ. ನಿನ್ನೆ ಇಲ್ದೇ ಇದ್ದದ್ದು ಇವತ್ತು ಇರುತ್ತೆ."

ಸಹಿ ಹಾಕಲು ಪೆನ್ನು ತೆಗೆದಿದ್ದ ಗಿರಾಕಿ ಹನುಮಂತರಾಯಪ್ಪ ಪೆನ್ನಿನ ಮುಚ್ಚಳ ಹಾಕಿ ನಕ್ಕರು. ಕುಂದಾಣ ರಸ್ತೆಯಲ್ಲಿ ಅವರದೊಂದು ಕೋಲ್ಡ್ ಸ್ಟೋರೇಜ್. ಸುತ್ತಲಿನ ರೈತರ ಗುಲಾಬಿ ಅಲ್ಲಿಗೆ ಬಂದು, ತಣ್ಣಗಾಗಿ, ಬಾಕ್ಸ್ ಸೇರಿ, ವಿಮಾನಕ್ಕೆ ಹೋಗುತ್ತದೆ. ಯಾರ ಹೂವು ಎಷ್ಟು ಹೊತ್ತಿಗೆ ಬಂತು, ಯಾವ ಬಾಕ್ಸು ಯಾವ ವಿಮಾನಕ್ಕೆ ಎಂದು ಲೆಕ್ಕ ತಪ್ಪದಂತೆ ನೋಡಿಕೊಳ್ಳುವ ಸಾಫ್ಟ್‌ವೇರ್ ಅವರಿಗೆ ಬೇಕಿತ್ತು.

"ಯಾರ ಮಗಳಮ್ಮ ನೀನು?"

"ಕುಂದಾಣ, ಆಂಜಿನಪ್ಪನ ಮಗಳು."

"ಅದಕ್ಕೇ ಮತ್ತೆ," ಅಂದರು. ಆಮೇಲೆ ಭಾನುಪ್ರಕಾಶ್ ಕಡೆ ನೋಡಿ, "ಆಯಮ್ಮ ಕೇಳಿದ್ದಕ್ಕೆ ಉತ್ತರ ಕೊಡಪ್ಪ, ಆಮೇಲೆ ಸಹಿ ಹಾಕ್ತೀನಿ."

ಪ್ರೇಮ ಕಥೆಗೆ ಇದು ಹೇಳಿಕೊಳ್ಳುವಂಥ ಆರಂಭವಲ್ಲ. ಭಾನುಪ್ರಕಾಶನಿಗೆ ಆ ಹೊತ್ತು ಅವಳ ಮೇಲೆ ಬಂದದ್ದು ಶುದ್ಧ ಸಿಟ್ಟು. ಸಂಜೆ ಎಲ್ಲರೂ ಹೋದಮೇಲೂ ಅದೇ ಸಿಟ್ಟಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ, ಏನೋ ಒಂದನ್ನು ಬರೆದು ಮುಚ್ಚಿಟ್ಟ.

ಮರುದಿನ ಅವಳನ್ನು ಕರೆದು, "ಅಷ್ಟೆಲ್ಲ ಗೊತ್ತಿದ್ರೆ ರಿಸ್ಕ್ ನೋಡೋ ಕೆಲಸ ನೀವೇ ಮಾಡಿ," ಅಂದ. ಅವಳು ಬೇಸರ ಮಾಡಿಕೊಳ್ಳಲಿ ಎಂದೇ ಹೇಳಿದ್ದು.

"ಆಗ್ಲಿ ಸರ್," ಅಂದಳು.

* * *

ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಹತ್ತು ನಿಮಿಷ. ಯಾರೂ ಕೂರುವ ಹಾಗಿಲ್ಲ. ಬಿಳಿ ಬೋರ್ಡಿನ ಮುಂದೆ ನಿಂತು, ಈ ವಾರ ನಿನಗೆ ಯಾವುದರ ಭಯ ಎಂದು ಒಬ್ಬೊಬ್ಬರೂ ಒಂದೊಂದು ಹೇಳಬೇಕು. ಹಳೆಯ ಭಯ ತೀರಿದ್ದರೆ ಅಳಿಸಬೇಕು.

ಮೊದಲ ಸೋಮವಾರ ಯಾರೂ ಬಾಯಿ ಬಿಡಲಿಲ್ಲ.

"ಭಯ ಏನಿಲ್ಲ ಬಿಡಿ," ಅಂದ ಗೋವಿಂದರಾಜು. ಪ್ರೋಗ್ರಾಂ ಬರೆಯುವುದರಲ್ಲಿ ಎತ್ತಿದ ಕೈ. ಆದರೆ ತನಗೆ ಒಂದು ವಿಷಯ ಗೊತ್ತಿಲ್ಲ ಎಂದು ಒಪ್ಪಿಕೊಂಡವನಲ್ಲ.

"ನನಗಿದೆ," ಅಂದಳು ರಮ್ಯಶ್ರೀ. "ನಾನು ಟೆಸ್ಟ್ ಮಾಡ್ತಿರೋದೆಲ್ಲ ಈ ಮೇಜಿನ ಮೇಲೆ. ಅಲ್ಲಿ ಕೋಲ್ಡ್ ಸ್ಟೋರೇಜಲ್ಲಿ ಇದು ನಡೆಯುತ್ತಾ ಅಂತ ನನಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂದು ಒಬ್ಬರು ಹೇಳಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ಮುಂದಿನ ವಾರ ಎಲ್ಲರಿಗಿಂತ ಚಿಕ್ಕವಳಾದ ಅಕ್ಷತ, "ರೈತರಿಗೆ ಹೋಗೋ ಮೆಸೇಜ್ ಇಂಗ್ಲಿಷಲ್ಲಿದೆ, ನಮ್ಮಜ್ಜಿಗೆ ತೋರಿಸ್ದೆ, ಓದೋಕಾಗ್ಲಿಲ್ಲ," ಅಂದಳು. ಅದು ಇಪ್ಪತ್ತೇಳರಲ್ಲಿ ಇರಲಿಲ್ಲ. ಎರಡೇ ದಿನದಲ್ಲಿ ಕನ್ನಡಕ್ಕೆ ತಿದ್ದಿದರು.

ಭಾನುಪ್ರಕಾಶ್ ಮಾತ್ರ ಪ್ರತಿ ಸೋಮವಾರ ಕೈಕಟ್ಟಿ ನಿಂತು, "ನನ್ನದೆಲ್ಲ ಪಟ್ಟಿಯಲ್ಲೇ ಇದೆ," ಅನ್ನುತ್ತಿದ್ದ.

ಅವನು ಬದಲಾದದ್ದು ಆಗಸ್ಟಿನ ಒಂದು ಬೆಳಿಗ್ಗೆ. ರಮ್ಯಶ್ರೀ ಬಿಡದೆ ಹೇಳಿ ಹೇಳಿ ಅವನನ್ನು ಕೋಲ್ಡ್ ಸ್ಟೋರೇಜಿಗೆ ಕರೆದುಕೊಂಡು ಹೋದಳು. ಬಾಗಿಲ ಹತ್ತಿರ ಪಾಪಕ್ಕ ಎಂಬ ಹೆಂಗಸು ಹೂವಿನ ಬಾಕ್ಸು ಎಣಿಸಿ ಒಳಗೆ ಬಿಡುತ್ತಿದ್ದಳು. ಅವಳ ಕೈಗೆ ಹೊಸ ಫೋನು ಕೊಟ್ಟು, "ಬಾಕ್ಸ್ ಬಂದ ಹಾಗೆ ಇಲ್ಲಿ ಒತ್ತಬೇಕಮ್ಮ," ಅಂದ ಭಾನುಪ್ರಕಾಶ್.

ಪಾಪಕ್ಕ ಒತ್ತಿದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು.

"ಏನಪ್ಪಾ ಇದು, ನನ್ನ ಕಂಡ್ರೆ ಆಗಲ್ವಾ ಇದಕ್ಕೆ?"

ಅವಳ ಕೈಯಲ್ಲಿ ರಬ್ಬರ್ ಗ್ಲೌಸು, ಗ್ಲೌಸಿನ ಮೇಲೆ ನೀರು. ಬಾಕ್ಸಿಗೊಮ್ಮೆ ಗ್ಲೌಸು ಬಿಚ್ಚಿ ಹಾಕಿದರೆ ದಿನವೆಲ್ಲ ಅದೇ ಕೆಲಸವಾಗುತ್ತದೆ. ಇದೂ ಸಾಲದು ಎಂದು ದಪ್ಪ ಬಾಗಿಲ ಒಳಗೆ ಹೋದರೆ ಸಿಗ್ನಲ್ಲೂ ಇರಲಿಲ್ಲ.

ಭಾನುಪ್ರಕಾಶ್ ಆ ಒದ್ದೆ ಗ್ಲೌಸನ್ನು ಮುಟ್ಟಿ ನೋಡಿದ. ಒಪ್ಪಿಕೊಂಡಿದ್ದ ಹಾಗೆ ಡಿಸೆಂಬರಿನಲ್ಲಿ ಎಲ್ಲ ಮುಗಿಸಿ ತಂದಿದ್ದರೆ ಮೊದಲ ದಿನವೇ ಮಾನ ಹೋಗುತ್ತಿತ್ತು.

"ಇಪ್ಪತ್ತೇಳರಲ್ಲಿ ಇದಿಲ್ಲ," ಅಂದ.

"ಇಲ್ಲ ಸರ್." ಅವಳು ಅಷ್ಟೇ ಹೇಳಿದಳು. ನಾನು ಹೇಳಿರಲಿಲ್ಲವಾ ಎಂದು ಅನ್ನಲಿಲ್ಲ. ಅದನ್ನು ಅವನು ಗಮನಿಸಿದ.

ಎದುರಿನ ಅಂಗಡಿಯಲ್ಲಿ ಟೀ ಕುಡಿಯುವಾಗ ಅವನೇ ಬಾಯಿ ಬಿಟ್ಟ. "ಮುಂಚೆ ಬೆಂಗಳೂರಲ್ಲಿದ್ದೆ. ಅಲ್ಲೊಂದು ಪ್ರಾಜೆಕ್ಟ್ ಮುಳುಗುತ್ತೆ ಅನ್ನಿಸ್ತು. ಪ್ರತಿ ಮೀಟಿಂಗಲ್ಲೂ ಹೇಳ್ದೆ. ಇವನು ಬರೀ ಅಪಶಕುನ ನುಡೀತಾನೆ ಅಂತ ನನ್ನೇ ತೆಗೆದುಹಾಕಿದ್ರು. ಆಮೇಲಿಂದ ಏನಿದ್ರೂ ಒಂದೇ ಸಲ ಬರೆದು, ಸಹಿ ಹಾಕಿಸ್ಕೊಂಡು..."

"ಬಾಯಿ ಮುಚ್ಕೊಂಡುಬಿಡೋದು."

"ಹೂಂ."

"ಆ ಪ್ರಾಜೆಕ್ಟ್ ಏನಾಯ್ತು?"

"ಮುಳುಗ್ತು."

ಅವಳು ನಕ್ಕಳು, ಅವನೂ ನಕ್ಕ. ಆ ಸೋಮವಾರ ಭಾನುಪ್ರಕಾಶ್ ಮೊದಲ ಬಾರಿಗೆ ಕೈ ಬಿಚ್ಚಿ ನಿಂತು, "ನನ್ನ ಭಯ ಪಾಪಕ್ಕನ ಗ್ಲೌಸು," ಅಂದ. ಫೋನಿನ ಬದಲು ದೊಡ್ಡ ಗುಂಡಿಯಿರುವ ಸ್ಕ್ಯಾನರ್ ತಂದರು. ಸಿಗ್ನಲ್ ಇಲ್ಲದಿದ್ದರೂ ಅದು ಎಲ್ಲವನ್ನೂ ನೆನಪಿಟ್ಟುಕೊಂಡು, ಹೊರಗೆ ಬಂದ ಮೇಲೆ ಕಳಿಸುವ ಹಾಗೆ ಗೋವಿಂದರಾಜು ಮಾಡಿಕೊಟ್ಟ.

ಬೋರ್ಡಿನ ಪಟ್ಟಿ ಒಂದು ವಾರ ಉದ್ದವಾಗುತ್ತಿತ್ತು, ಇನ್ನೊಂದು ವಾರ ಗಿಡ್ಡವಾಗುತ್ತಿತ್ತು. ಭಾನುಪ್ರಕಾಶನಿಗೆ ಮೊದಲು ಸೋಮವಾರವೆಂದರೆ ತಲೆನೋವಾಗಿತ್ತು. ಅಕ್ಟೋಬರ್ ಹೊತ್ತಿಗೆ ಭಾನುವಾರವೇ ಅವನಿಗೆ ಉದ್ದವೆನಿಸತೊಡಗಿತು.

ಒಂದು ದಿನ ಎಲ್ಲರೂ ತಮ್ಮ ಜಾಗಕ್ಕೆ ಹೋದಮೇಲೆ, ಬೋರ್ಡು ಒರೆಸುತ್ತಿದ್ದ ರಮ್ಯಶ್ರೀಯನ್ನು ಕೇಳಿದ, "ಮನೇಲಿ... ಗಂಡು ನೋಡ್ತಿದಾರಾ?"

"ನೋಡ್ತಿದಾರೆ. ಯಾಕೆ ಸರ್?"

"ಸುಮ್ನೆ ಕೇಳ್ದೆ."

ಎರಡು ವಾರ ಬಿಟ್ಟು ಮತ್ತೆ ಅದನ್ನೇ ಕೇಳಿದ. ಮತ್ತೆ ಸುಮ್ನೆ ಎಂದ.

'ಸುಮ್ನೆ ಯಾರಾದ್ರೂ ಎರಡು ಸಲ ಕೇಳ್ತಾರಾ...' ಬಸ್ಸಿನಲ್ಲಿ ಕುಂದಾಣದವರೆಗೂ ಅವಳಿಗೆ ಅದೇ ಯೋಚನೆ. ಅವಳಿಗೆ ಅವನು ಇಷ್ಟವಾಗಿದ್ದ. ತಪ್ಪು ಒಪ್ಪಿಕೊಂಡ ಮೇಲೆ ಅವನ ಮುಖ ಹಗುರಾಗುತ್ತಿತ್ತಲ್ಲ, ಅದು ಅವಳಿಗೆ ಇಷ್ಟ. ಹೊಸಕೋಟೆಯ ಕಡೆಯಿಂದ ಒಂದು ಸಂಬಂಧ ಬಂದಿತ್ತು. ನವೆಂಬರಿನ ಕೊನೆಯ ಭಾನುವಾರ ನೋಡಲು ಬರುತ್ತೇವೆ ಎಂದಿದ್ದರು. ಅಮ್ಮ ಮುತ್ತಮ್ಮ ಮೂರು ಸಲ ಕೇಳಿದ್ದಳು. ಮೂರು ಸಲವೂ ಅವಳು, "ಸ್ವಲ್ಪ ತಡೀರಿ," ಅಂದಿದ್ದಳು. ಯಾರಿಗಾಗಿ ತಡೆಯಬೇಕು ಎಂದು ಹೇಳಿರಲಿಲ್ಲ.

* * *

ಆ ಭಾನುವಾರಕ್ಕೆ ಇನ್ನು ಹತ್ತು ದಿನವಿತ್ತು. ಹಳೆಯ ಪಟ್ಟಿಯಲ್ಲಿ ಇನ್ನೂ ಜೀವ ಇರುವ ರಿಸ್ಕ್ ಯಾವುದು, ಸತ್ತದ್ದು ಯಾವುದು ಎಂದು ಒಮ್ಮೆ ಪೂರ್ತಿ ನೋಡಿಬಿಡೋಣ ಎಂದು ರಮ್ಯಶ್ರೀಗೆ ಅನ್ನಿಸಿತು. ಮೂಲ ಫೈಲು ಕೇಳಿದಳು. ಭಾನುಪ್ರಕಾಶ್ ಏನೂ ಯೋಚಿಸದೆ ಕಳಿಸಿದ.

ಇಪ್ಪತ್ತೇಳರ ನಂತರ ಇನ್ನೊಂದು ಪುಟವಿತ್ತು. ಮೀಟಿಂಗಿನಲ್ಲಿ ಕಂಡಿರದ ಪುಟ.

'೨೮. ರಮ್ಯಶ್ರೀ. ವಯಸ್ಸು ಇಪ್ಪತ್ತಾರು, ಅವಿವಾಹಿತೆ. ಮದುವೆಯಾಗಿ ಮಧ್ಯದಲ್ಲೇ ಕೆಲಸ ಬಿಡಬಹುದು. ಸಾಧ್ಯತೆ: ಹೆಚ್ಚು. ಪರಿಹಾರ: ಅಕ್ಷತಳನ್ನು ಜೊತೆಗೆ ಕೂರಿಸಿ ಕೆಲಸ ಕಲಿಸಿಟ್ಟುಕೊಳ್ಳುವುದು. ಮನೆಯ ಮಾತುಕತೆ ಆಗಾಗ ವಿಚಾರಿಸುವುದು.'

ಅವಳು ಎರಡು ಸಲ ಓದಿದಳು. ಪಕ್ಕದ ಕುರ್ಚಿಯಲ್ಲಿ ಅಕ್ಷತ ಕೂತು ಏನೋ ಟೈಪ್ ಮಾಡುತ್ತಿದ್ದಳು. ಐದು ತಿಂಗಳಿಂದ ಅಲ್ಲೇ ಕೂತಿದ್ದಳು.

'ಆಗಾಗ ವಿಚಾರಿಸುವುದು...'

ಅದಕ್ಕಾ ಕೇಳಿದ್ದು? ನಾನು ಬಸ್ಸಿನಲ್ಲಿ ಕೂತು ಏನೇನೆಲ್ಲ ಅಂದುಕೊಂಡೆ!

ಅವಳು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದಳು. ಅತ್ತಿದ್ದಳು, ಆದರೆ ಯಾರಿಗೂ ಗೊತ್ತಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಿ, "ಹೊಸಕೋಟೆಯವರಿಗೆ ಬರೋಕೆ ಹೇಳಮ್ಮ," ಅಂದಳು. ಆಮೇಲೆ ಎರಡು ಸಾಲಿನ ರಾಜೀನಾಮೆ ಬರೆದು ಭಾನುಪ್ರಕಾಶನ ಮೇಜಿನ ಮೇಲಿಟ್ಟಳು.

'ಒಂದು ತಿಂಗಳ ನಂತರ ಕೆಲಸ ಬಿಡುತ್ತಿದ್ದೇನೆ. ಕಾರಣ: ಪಟ್ಟಿಯ ಕೊನೆಯ ಪುಟ, ೨೮.'

"ಯಾವ ಪುಟ?" ಅಂದ ಅವನು.

ನಿಜಕ್ಕೂ ಮರೆತಿದ್ದ. ಅವಳ ಎದುರಿಗೇ ಫೈಲು ತೆರೆದು ಓದಿದ. ಓದುತ್ತ ಓದುತ್ತ ಕಿವಿ ಕೆಂಪಾಯಿತು.

"ಇದು ನೀವು ಸೇರಿದ ದಿನ ಸಿಟ್ಟಲ್ಲಿ ಬರೆದಿದ್ದು."

"ತಾರೀಕು ನೋಡಿದೀನಿ."

"ಆಮೇಲೆ ನಾನಿದನ್ನ ತೆಗೆದು ನೋಡೇ ಇಲ್ಲ, ರಮ್ಯಶ್ರೀ ಅವ್ರೇ."

"ಬೋರ್ಡ್ ಮೇಲಿನದೆಲ್ಲ ಪ್ರತಿ ವಾರ ನೋಡಿದ್ರಿ. ಇದೊಂದನ್ನ ನೋಡ್ಲಿಲ್ಲ."

"ಎಲ್ಲಾ ಪ್ರಾಜೆಕ್ಟಲ್ಲೂ ಹೀಗೊಂದು ಬರೀತಾರೆ. ಯಾರಾದ್ರೂ ಬಿಟ್ಟುಹೋದ್ರೆ ಅಂತ..."

"ಗೋವಿಂದರಾಜು ಅವ್ರ ಮದುವೆ ಹೋದ ತಿಂಗಳು ಆಯ್ತು. ಎಲ್ರೂ ಹೋಗಿ ಊಟ ಮಾಡ್ಕೊಂಡು ಬಂದ್ವಿ. ಅವ್ರ ಹೆಸ್ರು ಯಾವ ಪುಟದಲ್ಲಿದೆ ಸರ್?"

ಅವನು ಫೈಲು ಮುಚ್ಚಿದ.

"ಗಂಡು ನೋಡ್ತಿದಾರಾ ಅಂತ ಎರಡು ಸಲ ಕೇಳಿದ್ರಿ," ಅಂದಳು. "ನಾನು ಬೇರೆ ಏನೋ ಅಂದ್ಕೊಂಡಿದ್ದೆ."

ಹೇಳಬಾರದಿತ್ತು ಎಂದು ಹೇಳಿದ ಮೇಲೆ ಅನ್ನಿಸಿತು. ಅವನು ಆಗಲೇ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ಹೆದರಿದವನಿಗೆ ಸರಿಯಾದ ಮಾತು ಸರಿಯಾದ ಹೊತ್ತಿಗೆ ಬರುವುದು ಕಡಿಮೆ. ಅಕ್ಷತ ಏನೋ ಕೇಳಲು ಒಳಗೆ ಬಂದಳು. ರಮ್ಯಶ್ರೀ ಹೊರಟುಹೋದಳು.

* * *

ಸೋಮವಾರ ಬಂತು. ಕೆಲಸ ಬಿಡುವವಳಾದರೂ ರಮ್ಯಶ್ರೀ ಎಂದಿನಂತೆ ಬೋರ್ಡಿನ ಮುಂದೆ ನಿಂತಳು. ಒಬ್ಬೊಬ್ಬರೂ ಹೇಳಿದರು. ಭಾನುಪ್ರಕಾಶನ ಸರದಿ ಬಂತು.

ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡುಬಿಡಬೇಕು ಎಂದು ಅವನು ಎರಡು ದಿನದಿಂದ ಮಾತು ಜೋಡಿಸಿಕೊಂಡಿದ್ದ. ಬಾಯಿ ತೆರೆಯುವಾಗ ಅವಳ ಮುಖ ನೋಡಿದ. ಅವಳ ಮದುವೆಯ ವಿಷಯವನ್ನು ಅವಳನ್ನು ಕೇಳದೆ ಒಂದು ಸಲ ಬರೆದದ್ದು ಸಾಲದೆ, ಈಗ ಏಳು ಜನರ ಮುಂದೆ ಓದಿ ಹೇಳಬೇಕೆ?

"ನನ್ನದೊಂದಿದೆ," ಅಂದ. "ಇಲ್ಲಿ ಹೇಳೋದಲ್ಲ."

ಅವಳು ಬೋರ್ಡಿನಲ್ಲಿ ಅವನ ಹೆಸರಿನ ಮುಂದೆ ಏನೂ ಬರೆಯದೆ ಬಿಟ್ಟಳು.

ಗುರುವಾರ ಸಂಜೆ, ಅವಳು ಬಸ್ಸಿಗೆ ಕಾಯುತ್ತಿದ್ದಾಗ ಫೋನ್ ಬಂತು.

"ಶನಿವಾರ ನಿಮ್ಮ ಮನೆಗೆ ಬರ್ಬಹುದಾ?"

"ಯಾಕೆ?"

"ನಿಮ್ಮನ್ನ ಒಂದು ಮಾತು ಕೇಳ್ಬೇಕು."

"ಫೋನಲ್ಲೇ ಕೇಳಿ."

"ಫೋನಲ್ಲಾದ್ರೆ ನೀವು ಬೇಡ ಅಂದ ತಕ್ಷಣ ಇಟ್ಟು ತಪ್ಪಿಸ್ಕೊಂಡುಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತು."

ಬಸ್ಸು ಬಂದು ನಿಂತಿತು. ಭಾನುವಾರ ಹೊಸಕೋಟೆಯವರು ಬರುತ್ತಾರೆ. ಇವನನ್ನು ಬೇಡ ಎಂದರೆ ಎಲ್ಲ ಸುಲಭ. ಅವಳಿಗೆ ಸಿಟ್ಟು ಇನ್ನೂ ಹಾಗೆಯೇ ಇತ್ತು. ಆದರೆ ಅವನು ಏನು ಕೇಳುತ್ತಾನೆ ಎಂದು ತಿಳಿಯದೆ ಇನ್ನೊಬ್ಬರ ಮುಂದೆ ಹೋಗಿ ಕೂರಲು ಅವಳಿಂದ ಆಗುತ್ತಿರಲಿಲ್ಲ.

"ಮೂರು ಗಂಟೆಗೆ ಬನ್ನಿ," ಅಂದಳು.

* * *

ಶನಿವಾರ ಮುತ್ತಮ್ಮ ಕೊಟ್ಟ ಮಜ್ಜಿಗೆಯನ್ನು ಭಾನುಪ್ರಕಾಶ್ ಒಂದೇ ಉಸಿರಿಗೆ ಕುಡಿದ. ಆಂಜಿನಪ್ಪ ಎದುರಿಗೆ ಕೂತು ಅವನನ್ನು ನಿಧಾನಕ್ಕೆ ನೋಡಿದರು.

"ಯಾವೂರಪ್ಪ?"

"ಇಲ್ಲೇ ಮಧುರೆ. ಗಂಗಣ್ಣನ ಮಗ."

"ಏನ್ ಬಂದಿದ್ದು?"

"ನಿಮ್ಮ ಮಗಳನ್ನ ಒಂದು ಮಾತು ಕೇಳ್ಬೇಕಿತ್ತು. ನೀವು ಒಪ್ಪಿದ್ರೆ..."

"ಅವಳ್ನ ಕೇಳೋಕೆ ನನ್ನ ಒಪ್ಪಿಗೆ ಯಾತಕ್ಕೆ? ಅಲ್ಲಿ ಶೆಡ್ಡಲ್ಲಿ ಹೂವು ಕಟ್ತಾವ್ಳೆ, ಹೋಗಿ ಕೇಳು." ಅವನು ಎದ್ದಮೇಲೆ ಅಷ್ಟೇ ತಣ್ಣಗೆ, "ನಾಳೆ ಹೊಸಕೋಟೆಯೋರು ಬರ್ತಾವ್ರೆ. ಏನಿದ್ರೂ ಬಿರ್ರನೆ ಕೇಳು," ಅಂದರು.

ರಮ್ಯಶ್ರೀ ಗುಲಾಬಿಗಳನ್ನು ಇಪ್ಪತ್ತು ಇಪ್ಪತ್ತು ಜೋಡಿಸಿ ಕಟ್ಟುತ್ತಿದ್ದಳು. ಅವನು ಬಂದರೂ ಕೈ ನಿಲ್ಲಿಸಲಿಲ್ಲ.

"ಮೊದಲು ಒಂದು ಹೇಳ್ತೀನಿ," ಅಂದ. "ಅದು ತಪ್ಪು. ಎಲ್ರೂ ಬರೀತಾರೆ ಅಂದಿದ್ದು ಅದಕ್ಕಿಂತ ದೊಡ್ಡ ತಪ್ಪು. ನೀವೇನು ಮಾಡ್ತೀರ ಅಂತ ನಾನೇ ತೀರ್ಮಾನ ಮಾಡಿದ್ದೆ. ಒಂದು ಮಾತು ಕೇಳಿದ್ರೆ ಆಗ್ತಿತ್ತು, ಕೇಳ್ಲಿಲ್ಲ."

"ಎರಡು ಸಲ ಕೇಳಿದ್ರಲ್ಲ."

"ಅದು ಪಟ್ಟಿಗೋಸ್ಕರ ಅಲ್ಲ. ಪಟ್ಟಿ ನನಗೆ ನೆನಪೇ ಇರ್ಲಿಲ್ಲ. ನಿಮಗೆ ಎಲ್ಲಾದ್ರೂ ಸಂಬಂಧ ಕುದುರಿಬಿಡ್ತಾ ಅಂತ ಹೆದರಿ ಕೇಳಿದ್ದು. ನೀವು ಅಂದ್ಕೊಂಡಿದ್ದೇ ಸರಿ."

ಅವಳ ಕೈ ನಿಂತಿತು.

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಬೇಡ ಅಂದ್ಬಿಟ್ರೆ ಸೋಮವಾರವೂ ಹೋಗುತ್ತೆ ಅನ್ನಿಸ್ತು."

"ನಾಳೆ ಮತ್ತೆ ಹೆದರಿಕೆ ಆದ್ರೆ? ನನಗೆ ಗೊತ್ತಿಲ್ಲದ ಹಾಗೆ ಎಲ್ಲಾದ್ರೂ ಬರೆದಿಡ್ತೀರಾ?"

"ಹೆದರಿಕೆ ಆಗಲ್ಲ ಅಂತ ಸುಳ್ಳು ಹೇಳಲ್ಲ. ಆದ ದಿನವೇ ನಿಮಗೆ ಹೇಳ್ತೀನಿ. ಅಷ್ಟು ಮಾಡಬಲ್ಲೆ."

ಅವಳು ಅವನ ಮುಖ ನೋಡಿದಳು. ಮಾತು ಜೋಡಿಸಿಕೊಂಡು ಬಂದ ಹಾಗೆ ಕಾಣಲಿಲ್ಲ. ಒಂಬತ್ತು ದಿನದ ಸಿಟ್ಟು ಪೂರ್ತಿ ಹೋಗಿರಲಿಲ್ಲ, ಆದರೆ ಎದೆಯ ಮೇಲಿನ ಭಾರ ಇಳಿದಿತ್ತು.

"ಏನೋ ಕೇಳ್ಬೇಕು ಅಂದ್ರಲ್ಲ, ಕೇಳಿ."

"ಮದುವೆ ಆದ್ಮೇಲೆ ಕೆಲಸ ಬಿಡ್ತೀರಾ?"

"ಬಿಡಲ್ಲ. ಆ ರಾಜೀನಾಮೆ ಹರಿದುಹಾಕಿ."

"ನನ್ನ ಮದುವೆ ಆದ್ರೆ?"

"ಆಗ್ಲೂ ಬಿಡಲ್ಲ," ಅಂದಳು. ಅಂದಮೇಲೆ ಅವನು ಏನು ಕೇಳಿದ, ತಾನು ಏನು ಹೇಳಿದೆ ಎಂದು ಅರಿವಾಗಿ ಮುಖ ಕೆಂಪಾಯಿತು. "ಎರಡು ಪ್ರಶ್ನೆ ಸೇರಿಸಿ ಒಂದೇ ಸಲ ಕೇಳ್ಬಿಟ್ರಿ."

"ಬಿಡಿಸಿ ಕೇಳ್ತೀನಿ. ನನ್ನ ಮದುವೆ ಆಗ್ತೀರಾ, ರಮ್ಯ?"

ರಮ್ಯಶ್ರೀ ಶೆಡ್ಡಿನ ಬಾಗಿಲ ಕಡೆ ನೋಡಿದಳು. ಅಲ್ಲಿ ಆಂಜಿನಪ್ಪ ಯಾರೂ ಇಲ್ಲವೆಂಬಂತೆ ಆಕಾಶ ನೋಡುತ್ತ ನಿಂತಿದ್ದರು.

"ಅಪ್ಪ," ಅಂದಳು, "ಹೊಸಕೋಟೆಯವ್ರಿಗೆ ಬರೋದು ಬೇಡ ಅಂತ ಫೋನ್ ಮಾಡಿಬಿಡಿ."

"ಆಗ್ಲೇ ಮಾಡ್ದೆ ಕಣಮ್ಮ," ಅಂತ ಆಂಜಿನಪ್ಪ ಒಳಗೆ ಹೋದರು.

"ಇದು ಹೂಂ ಅಂತಾನಾ?" ಭಾನುಪ್ರಕಾಶ್ ಮೆಲ್ಲಗೆ ಕೇಳಿದ. "ನಾನೇ ಅಂದ್ಕೊಂಡುಬಿಡೋದು ಬೇಡ ಅಂತ ಕೇಳ್ತಿದೀನಿ."

"ಹೂಂ ಅಂತಾನೇ, ಭಾನು," ಅಂದಳು ಅವಳು.